ದಪ್ಪ ಅಕ್ಷರ, ದುಂಡು ಅಕ್ಷರ

ಬಸ್ಸಿನ ಬೋರ್ಡು ದೂರದಿಂದಲೇ ಕಾಣಬೇಕು. ಅದಕ್ಕೇ ಅದರ ಅಕ್ಷರ ದಪ್ಪ.

ದಪ್ಪ ಅಕ್ಷರಗಳಲ್ಲಿ ಒಂದು ಬಗೆ ಇದೆ. ಗೆರೆ ಎಲ್ಲಾ ಕಡೆ ಒಂದೇ ದಪ್ಪ. ತುದಿ ಮಾತ್ರ ಬೆರಳ ತುದಿಯಂತೆ ದುಂಡಗೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರು ಕಂಪನಿ 1979ರಲ್ಲಿ ಇಂಥ ಇಂಗ್ಲಿಷ್ ಅಕ್ಷರ ಬಳಕೆಗೆ ತಂದಿತು. ಹೆಸರು ವಾಗ್ ರೌಂಡೆಡ್. ಮುಂದೆ ಅದು ಆಪಲ್ ಕಂಪ್ಯೂಟರಿನ ಕೀಲಿಗಳ ಮೇಲೂ ಬಂತು.

ನಮ್ಮ ಕನ್ನಡ ಅಕ್ಷರವೂ ದುಂಡು. ಆದರೆ ತೀರಾ ದಪ್ಪ ಬರೆದರೆ ‘ಧ’ ಅಕ್ಷರದ ಕೆಳಗಿನ ಸೀಳು ಮುಚ್ಚಿಹೋಗುತ್ತೆ. ಆಗ ‘ಧನ’ ಹೋಗಿ ‘ದನ’ ಆಗುತ್ತೆ!

ಹೆಸರಿಗೆ, ಬೋರ್ಡಿಗೆ ದಪ್ಪ ಅಕ್ಷರ ಸರಿ. ಹಾಗಂತ ಸಣ್ಣ ಅಕ್ಷರ ಬಿಡಬೇಡಿ. ಬೆಳೆಗೆ ಹೊಡೆಯೋ ಔಷಧಿ ಡಬ್ಬಿ ನೋಡಿ. ಹೆಸರು ದಪ್ಪ, ಬಳಸುವ ವಿಧಾನ ಸಣ್ಣ. ಎರಡನ್ನೂ ಓದಿ. ಆಮೇಲೆ ಮುಚ್ಚಳ ತೆಗೆಯಿರಿ.