ಗಡಿ ಈಗ ಬಿಲ್ಲಿನಲ್ಲಿದೆ

ಅತ್ತಿಬೆಲೆ ದಾಟಿದರೆ ಜೂಜುವಾಡಿ. ಅಲ್ಲಿ ತಮಿಳುನಾಡು ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನ ಮುಂದೆ ಲಾರಿಗಳು ಸಾಲುಗಟ್ಟಿದ ಕಾಲವನ್ನು ಹೊಸೂರು, ಕೃಷ್ಣಗಿರಿ ಕಡೆಯವರು ಮರೆತಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, ಆ ಚೆಕ್‌ಪೋಸ್ಟ್ ಹೋಯಿತು.

ಈಗ ಡ್ರಿಪ್ ಪೈಪು ಬೇಕೆಂದರೆ ನಮ್ಮ ಹುಡುಗರು ಮೊಬೈಲಿನಲ್ಲೇ ತರಿಸ್ತಾರೆ. ಮಾಲು ಬೆಂಗಳೂರಿನ ಗೋದಾಮಿನಿಂದ ಹೊಸೂರಿಗೆ ಬಂದರೆ ಬಿಲ್ಲಿನಲ್ಲಿ ಐಜಿಎಸ್‌ಟಿ ಅಂತ ಇರ್ತದೆ. "ಇದೇಮಿ ಕೊತ್ತ ಪನ್ನು?" ಅಂತ ನಮ್ಮೂರ ರೈತರೊಬ್ಬರು ಗಾಬರಿಯಾದರು. ಗಾಬರಿ ಬೇಡ. 2025ರ ಸೆಪ್ಟೆಂಬರ್ 22ರಿಂದ ಡ್ರಿಪ್ ಸಾಮಾನಿಗೆ ತೆರಿಗೆ ಶೇ. 5. ಹತ್ತು ಸಾವಿರದ ಮಾಲಿಗೆ 500 ರೂಪಾಯಿ. ವಿಳಾಸ ಬರೆಸದೆ ಬೆಂಗಳೂರಿನ ಅಂಗಡಿಯಲ್ಲೇ ಕೊಂಡು ತಂದರೂ ಅದೇ 500. ಆಗ 250 ಕೇಂದ್ರಕ್ಕೆ, 250 ಕರ್ನಾಟಕಕ್ಕೆ. ಆನ್‌ಲೈನಿನಲ್ಲಿ ತರಿಸಿದರೆ ರಾಜ್ಯದ ಪಾಲು ತಮಿಳುನಾಡಿಗೆ ಹೋಗ್ತದೆ, ಅಷ್ಟೇ.

ಪೆಟ್ಟು ಬೀಳೋದು ವ್ಯಾಪಾರಿಗೆ. ಹೊಸೂರಿನಲ್ಲಿ ನೋಂದಾಯಿಸಿಕೊಂಡವರು ಕರ್ನಾಟಕದ ಎಸ್‌ಜಿಎಸ್‌ಟಿ ಹಾಕಿದ ಬಿಲ್ಲು ತಂದರೆ, ತಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆಯುವಂತಿಲ್ಲ. ಲಕ್ಷದ ಡ್ರಿಪ್ ಮಾಲಾದರೆ ಐದು ಸಾವಿರ ನೀರುಪಾಲು! ಆನ್‌ಲೈನಾಗಲಿ, ಅಂಗಡಿಯಾಗಲಿ, ತಮ್ಮ ಜಿಎಸ್‌ಟಿ ನಂಬರು ಕೊಟ್ಟು ಐಜಿಎಸ್‌ಟಿ ಬಿಲ್ಲನ್ನೇ ಕೇಳಿ ಪಡೀಬೇಕು. ಹಿಂದೆ ಸಿ ಫಾರಂಗೆ ಅಲೆದವರಿಗೆ ಇದೇನು ಮಹಾ ಕಷ್ಟವಲ್ಲ.

ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಗಡಿ ದಾಟಲು ಇ-ವೇ ಬಿಲ್ ಬೇಕು. ರಾಯಕೋಟೆಯ ಟೊಮ್ಯಾಟೊ ಲೋಡಿಗೆ ಮಾತ್ರ ಈ ತಾಪತ್ರಯವಿಲ್ಲ. ಹಸಿ ತರಕಾರಿಗೆ ತೆರಿಗೆಯೂ ಇಲ್ಲ, ಇ-ವೇ ಬಿಲ್ಲೂ ಬೇಡ.