ಕಾರವಾರದ ದ್ವೀಪ ನೋಡುವ ಮುನ್ನ ಕಡಲನ್ನು ಅರಿಯಿರಿ

ಬಮ್ಮಿಗಟ್ಟಿ (ಕಲಘಟಗಿ ತಾಲ್ಲೂಕು): ಸುಗ್ಗಿ ಮುಗಿದು ಬಿಡುವಾದಾಗ ಬಯಲುಸೀಮೆಯ ಜನರಿಗೆ ಕಡಲು ನೋಡುವ ಹಂಬಲ ಸಹಜ. ಈ ಭಾಗದವರು ಕಲಘಟಗಿಯಲ್ಲಿ ಕಾರವಾರದ ಬಸ್ಸು ಹತ್ತಿದರೆ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ಮಾರ್ಗವಾಗಿ ಅರಬ್ಬೀ ಸಮುದ್ರದ ದಂಡೆ ತಲುಪಬಹುದು. ಆದರೆ ಕಾರವಾರದ ಚೆಲುವಿನ ಜೊತೆಗೆ ಅಲ್ಲಿನ ಅಪಾಯವನ್ನೂ ತಿಳಿದು ಹೋಗುವುದು ಅವಶ್ಯ.

ಹತ್ತಿಯ ನಂಟು

ಧಾರವಾಡ ಜಿಲ್ಲೆಗೂ ಕಾರವಾರಕ್ಕೂ ಇರುವ ನಂಟು ಹತ್ತಿಯದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಆಗ ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯ ಹತ್ತಿಗೆ ಬೇಡಿಕೆ ಹೆಚ್ಚಿತು. ಅದನ್ನು ಸಾಗಿಸಲು ಸಮೀಪದ ಬಂದರು ಬೇಕಾಗಿದ್ದರಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಮುಂಬೈ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಘಟ್ಟದ ರಸ್ತೆಯಲ್ಲಿ ಹತ್ತಿಯ ಚಕ್ಕಡಿಗಳು ಕಾರವಾರಕ್ಕೆ ಇಳಿದವು. ಮುಂದೆ 1880ರ ದಶಕದ ಕೊನೆಯಲ್ಲಿ ಗೋವೆಯ ಮರ್ಮಗೋವಾ ಬಂದರಿಗೆ ರೈಲು ಬಂದ ಮೇಲೆ ಕಾರವಾರದ ವ್ಯಾಪಾರ ಇಳಿಮುಖವಾಯಿತು.

ನೋಡತಕ್ಕ ಸ್ಥಳಗಳು

ಕಾಳಿ ನದಿ ಕಡಲು ಸೇರುವ ತಾಣ, ಅದರಾಚೆಯ ಸದಾಶಿವಗಡ, ಬೈತಖೋಲ ಬಂದರು ಇಲ್ಲಿನ ಮುಖ್ಯ ಆಕರ್ಷಣೆಗಳು. 1880ರ ದಶಕದ ಆರಂಭದಲ್ಲಿ ಯುವಕ ರವೀಂದ್ರನಾಥ ಟ್ಯಾಗೋರರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು. ಈಗಿನ ಕಡಲತೀರಕ್ಕೆ ಅವರದೇ ಹೆಸರಿದೆ. ಅಲ್ಲಿಯೇ ‘ಚಾಪಲ್’ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ಕಡಲಿನಲ್ಲಿ ಕೂರ್ಮಗಡ, ದೇವಗಡ ಮೊದಲಾದ ದ್ವೀಪಗಳಿವೆ. ಸಮೀಪದ ಅಂಜುದೀವ್ ಗೋವೆಗೆ ಸೇರಿದ್ದು, ನೌಕಾಪಡೆಯ ವಶದಲ್ಲಿರುವುದರಿಂದ ಪ್ರವಾಸಿಗರಿಗೆ ಮುಕ್ತವಾಗಿಲ್ಲ.

ಮರೆಯಲಾಗದ ದುರಂತ

ಕೂರ್ಮಗಡದಲ್ಲಿ ಬನದ ಹುಣ್ಣಿಮೆಯಂದು ನರಸಿಂಹ ದೇವರ ಜಾತ್ರೆ ನಡೆಯುತ್ತದೆ. 2019ರ ಜನವರಿ 21ರಂದು ಈ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಅಲೆಗಳಿಗೆ ಸಿಲುಕಿ ಮಗುಚಿ 16 ಮಂದಿ ಮೃತಪಟ್ಟರು. ಮೃತರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು. ಅವರೂ ಕಡಲಿನ ಪರಿಚಯವಿಲ್ಲದ ಬಯಲುಸೀಮೆಯವರೇ.

ಕೆರೆಯ ಈಜು ಕಡಲಿಗೆ ಸಾಲದು

ಕೆರೆಯ ನೀರು ನಿಂತ ನೀರು. ಕಡಲಿನ ನೀರು ದಿನಕ್ಕೆರಡು ಬಾರಿ ಏರಿ ಇಳಿಯುತ್ತದೆ. ದಡಕ್ಕೆ ಬಂದ ಅಲೆಯ ನೀರು ಕೆಲವೆಡೆ ಕಿರಿದಾದ ಸೆಳೆತವಾಗಿ ಹಿಂದಕ್ಕೆ ಹರಿಯುತ್ತದೆ. ನುರಿತ ಈಜುಗಾರನೂ ಅದಕ್ಕೆದುರಾಗಿ ಈಜಿದರೆ ದಣಿದು ಮುಳುಗುವ ಸಂಭವವುಂಟು. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರುವುದೇ ಸರಿಯಾದ ಕ್ರಮ. ನದೀಮುಖದಲ್ಲಿ ಮರಳಿನ ದಿಬ್ಬಗಳಿರುವುದರಿಂದ ಅಲೆಗಳು ಅಲ್ಲಿ ಹಠಾತ್ತನೆ ಎತ್ತರಕ್ಕೆ ಏಳುತ್ತವೆ. ಮಧ್ಯಾಹ್ನದ ವೇಳೆಗೆ ನೆಲ ಕಾದು ಕಡಲ ಗಾಳಿ ಬಲಗೊಳ್ಳುವುದರಿಂದ ಬೆಳಗಿನ ಶಾಂತ ನೀರನ್ನು ನಂಬಿ ಸಂಜೆಯ ಪ್ರಯಾಣ ಕೈಗೊಳ್ಳುವುದು ಸರಿಯಲ್ಲ.

2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು.

ಮಳೆಗಾಲದಲ್ಲಿ ದ್ವೀಪಯಾನದ ಯೋಚನೆಯೇ ಬೇಡ. ಉಳಿದ ದಿನಗಳಲ್ಲಿ ಜೀವರಕ್ಷಕ ಜಾಕೆಟ್ ಧರಿಸದೆ ದೋಣಿ ಏರಬಾರದು. ಮಿತಿಗಿಂತ ಹೆಚ್ಚು ಜನರಿದ್ದರೆ ಇಳಿದುಬಿಡಬೇಕು. ಒಂದು ದೋಣಿ ತಪ್ಪಿದರೆ ಇನ್ನೊಂದು ಬರುತ್ತದೆ. ಹೋದ ಜೀವ ಮರಳಿ ಬಾರದು.