ಪ್ರಶ್ನೆ ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು?



ನಿಮ್ಮ ಮನೆಯಲ್ಲಿ ಎಂಟನೆಯ ತರಗತಿ ಓದುವ ಮಗುವಿದ್ದರೆ, ಅಥವಾ ರೈಲ್ವೆ ನೌಕರಿಗೆ ಅರ್ಜಿ ಹಾಕಿ ಕುಳಿತ ಮಗನೋ ಮಗಳೋ ಇದ್ದರೆ, 'ರೀಸನಿಂಗ್' ಎಂಬ ಶಬ್ದ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಕನ್ನಡದಲ್ಲಿ ಇದನ್ನು ತಾರ್ಕಿಕ ಸಾಮರ್ಥ್ಯ ಎನ್ನುತ್ತಾರೆ. ಇತಿಹಾಸದಂತೆ ಇದನ್ನು ಬಾಯಿಪಾಠ ಮಾಡಲು ಬರುವುದಿಲ್ಲ, ಗಣಿತದಂತೆ ಸೂತ್ರ ಹಾಕಿ ಬಿಡಿಸಲೂ ಆಗುವುದಿಲ್ಲ. ಆದ್ದರಿಂದ 'ಅದು ಹುಟ್ಟುಬುದ್ಧಿ, ಇದ್ದವರಿಗೆ ಇರುತ್ತದೆ' ಎಂದು ಕೈಬಿಡುವವರೇ ಹೆಚ್ಚು. ಈ ಮಾತು ಸರಿಯಲ್ಲ. ಈ ಪ್ರಶ್ನೆಗಳಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಬುದ್ಧಿ ಸಾಲದೆ ಆಗುವುದಿಲ್ಲ. ಪ್ರಶ್ನೆ ಹೇಳದೇ ಇದ್ದ ಮಾತನ್ನು ನಾವೇ ಅದಕ್ಕೆ ಸೇರಿಸಿಬಿಡುವುದರಿಂದ ಆಗುತ್ತವೆ. ಗಡಿನಾಡಿನ ನಮ್ಮ ಮಕ್ಕಳ ಮಟ್ಟಿಗಂತೂ ಈ ಮಾತು ಇನ್ನೂ ನಿಜ.

ಏಕೆ ಹಾಗೆ? ನಮ್ಮ ಭಾಗದ ಚರಿತ್ರೆ ನಿಮಗೆ ಗೊತ್ತಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಹೋದವು. 2014ರ ಜೂನ್ 2ರಿಂದ ಅವು ತೆಲಂಗಾಣದಲ್ಲಿವೆ. ಹೀಗಾಗಿ ನಡಿಗಡ್ಡೆಯ ಶಾಂತಿನಗರದಲ್ಲಾಗಲಿ, ಗದ್ವಾಲ, ಮಕ್ತಲ್, ನಾರಾಯಣಪೇಟೆಗಳಲ್ಲಾಗಲಿ, ಕನ್ನಡದ ಮನೆಯ ಮಗು ಅಡುಗೆಮನೆಯಲ್ಲಿ ಒಂದು ಭಾಷೆ ಆಡುತ್ತದೆ, ಶಾಲೆಯಲ್ಲಿ ಮತ್ತೊಂದು ಕೇಳುತ್ತದೆ, ಗೈಡಿನಲ್ಲಿ ಮೂರನೆಯದನ್ನು ಓದುತ್ತದೆ. ಇದು ಕೊರತೆಯಲ್ಲ. ಆದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಮಾತು ದಾಟುವಾಗ ಅರ್ಥ ಸ್ವಲ್ಪ ಹಿಗ್ಗುತ್ತದೆ, ಸ್ವಲ್ಪ ಕುಗ್ಗುತ್ತದೆ. ತರ್ಕದ ಪ್ರಶ್ನೆಯಲ್ಲಿ ಆ ಸ್ವಲ್ಪವೇ ಒಂದು ಅಂಕ.

ಆ ಅಂಕದ ಬೆಲೆ ಸಣ್ಣದಲ್ಲ. ಎಂಟನೆಯ ತರಗತಿಯವರಿಗೆ ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಯೋಜನೆ ಇದು. ಸರ್ಕಾರಿ, ಸ್ಥಳೀಯ ಸಂಸ್ಥೆಯ ಅಥವಾ ಅನುದಾನಿತ ಶಾಲೆಯಲ್ಲಿ ಓದುವ, ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ ಮಗು ಇದಕ್ಕೆ ಕೂರಬಹುದು. ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿಯಂತೆ, ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷ ದೊರೆಯುತ್ತದೆ. ಒಟ್ಟು 48,000 ರೂಪಾಯಿ. ಗದ್ವಾಲ ಸೀಮೆಯಲ್ಲಿ ಹತ್ತಿಬೀಜದ ಹೊಲಗಳಲ್ಲಿ ಹೂವಿಗೆ ಪರಾಗ ತಾಗಿಸುವ ಕೆಲಸಕ್ಕೆ ಎಷ್ಟು ಸಣ್ಣ ಕೈಗಳು ಶಾಲೆ ಬಿಟ್ಟು ಹೋಗಿವೆ ಎಂಬುದನ್ನು ಕಂಡವರಿಗೆ ಈ ಹಣದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಈ ಪರೀಕ್ಷೆಯ ಅರ್ಧಭಾಗ, ಅಂದರೆ 180ರಲ್ಲಿ 90 ಪ್ರಶ್ನೆಗಳು, ಮಾನಸಿಕ ಸಾಮರ್ಥ್ಯದವು.

ಈಗ ವಿಷಯಕ್ಕೆ ಬರೋಣ. ಮೊದಲು ಬಂಧುತ್ವದ ಪ್ರಶ್ನೆ. ಇದರಲ್ಲಿ ನಮ್ಮ ಮಕ್ಕಳು ಚುರುಕಾಗಿರಬೇಕಿತ್ತು, ಏಕೆಂದರೆ ವರಸೆ ಹೇಳುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಮಾತು. ಆದರೆ ಇಲ್ಲಿಯೇ ಎಡವುತ್ತಾರೆ. ಈ ಪ್ರಶ್ನೆ ನೋಡಿ: 'ಕಮಲ, ವಿಮಲಳ ಸೋದರಿ. ವಿಮಲ, ರವಿಯ ತಾಯಿ. ಶೇಖರ, ರವಿಯ ತಂದೆ. ಕಮಲಳಿಗೆ ಶೇಖರ ಏನಾಗಬೇಕು?' ಮಗು ಥಟ್ಟನೆ 'ಭಾವ' ಎನ್ನುತ್ತದೆ. ವಿಮಲ ಅಕ್ಕನಾದರೆ ಆ ಮಾತು ಸರಿ. ತಂಗಿಯಾದರೆ? ಪ್ರಶ್ನೆಯಲ್ಲಿ ಅಕ್ಕ ಎಂದೂ ಇಲ್ಲ, ತಂಗಿ ಎಂದೂ ಇಲ್ಲ. ಸೋದರಿ ಎಂದಷ್ಟೇ ಇದೆ. ಕನ್ನಡಕ್ಕೂ ತೆಲುಗಿಗೂ ಹಿರಿದು ಕಿರಿದು ಹೇಳದೆ ಸಂಬಂಧ ಹೇಳುವ ರೂಢಿಯೇ ಕಡಿಮೆ. ಇಂಗ್ಲಿಷಿನ 'ಬ್ರದರ್' ಅಣ್ಣನೂ ಹೌದು, ತಮ್ಮನೂ ಹೌದು. ಪ್ರಶ್ನೆ ಮೊದಲು ಹುಟ್ಟುವುದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ. ನಾವು ಅದನ್ನು ಮನಸ್ಸಿನಲ್ಲಿ ನಮ್ಮ ಮಾತಿಗೆ ತಿರುಗಿಸಿಕೊಳ್ಳುವಾಗ ವಯಸ್ಸನ್ನು ಸೇರಿಸಿಬಿಡುತ್ತೇವೆ. ಮುಂದಿನ ಸಾಲಿನಲ್ಲಿ 'ಇಬ್ಬರಲ್ಲಿ ಹಿರಿಯರು ಯಾರು' ಎಂದು ಕೇಳಿದರೆ, ನಾವೇ ಸೇರಿಸಿದ ಮಾತನ್ನು ಪ್ರಶ್ನೆಯೇ ಹೇಳಿತೆಂದು ನಂಬಿ ಉತ್ತರ ಬರೆಯುತ್ತೇವೆ.

'ಮಾವ', 'ಅತ್ತೆ' ಇನ್ನೂ ತೊಡಕು. ತಾಯಿಯ ತಮ್ಮನೂ ಮಾವ, ಗಂಡನ ತಂದೆಯೂ ಮಾವ, ಸೋದರತ್ತೆಯ ಗಂಡನೂ ಮಾವ. ಸೋದರಮಾವನ ಮನೆಗೆ ಹೆಣ್ಣು ಕೊಡುವ ರೂಢಿ ಇರುವ ಕಡೆ ಇವು ಒಂದೇ ಶಬ್ದವಾಗಿರುವುದು ಸಹಜ. ಪರೀಕ್ಷೆಯ ಕಾಗದಕ್ಕೆ ಆ ರೂಢಿ ಗೊತ್ತಿಲ್ಲ. ಅಲ್ಲಿ ತಾಯಿಯ ಸೋದರನ ಮಗ ಬರೇ ತಾಯಿಯ ಸೋದರನ ಮಗ. ಮುಂದೆ ಮದುವೆಯಾಗುವ ವರಸೆ ಅಲ್ಲ. ಆದ್ದರಿಂದ ವರಸೆಯ ಹೆಸರನ್ನೇ ಬಿಟ್ಟುಬಿಡಿ. ಗಂಡಿಗೆ ಒಂದು ಚೌಕ, ಹೆಣ್ಣಿಗೆ ಒಂದು ಸೊನ್ನೆ, ದಂಪತಿಗಳ ನಡುವೆ ಜೋಡಿಗೆರೆ, ಒಡಹುಟ್ಟಿದವರ ನಡುವೆ ಒಂಟಿಗೆರೆ, ಮಕ್ಕಳಿಗೆ ಕೆಳಗಿಳಿಯುವ ಗೆರೆ. ಗಂಡೋ ಹೆಣ್ಣೋ ತಿಳಿಯದಿದ್ದರೆ ಚೌಕವೂ ಬೇಡ, ಸೊನ್ನೆಯೂ ಬೇಡ, ಒಂದು ಚುಕ್ಕಿ ಇಡಿ. ಹೆಸರು ನೋಡಿ ಗಂಡು ಹೆಣ್ಣು ನಿರ್ಧರಿಸುವುದು ಕೂಡ ನಾವು ಸೇರಿಸುವ ಮಾತೇ. ಎ, ಬಿ, ಸಿ ಎಂದು ಬರೆದಾಗಲಂತೂ ಚುಕ್ಕಿಯೇ ಗತಿ.

ಇನ್ನು ಹೇಳಿಕೆ ಮತ್ತು ತೀರ್ಮಾನದ ಪ್ರಶ್ನೆಗಳು. ಒಂದು ಎಚ್ಚರಿಕೆ: ತೆಲುಗು ಗೈಡುಗಳಲ್ಲಿ 'ಪ್ರಕಟನ' ಎಂದಿದ್ದರೆ ಅದು ನಮ್ಮ ಪ್ರಕಟಣೆಯಲ್ಲ, ಹೇಳಿಕೆ ಎಂದರ್ಥ. ತೀರ್ಮಾನ ಎರಡೂ ಕಡೆ ತೀರ್ಮಾನವೇ.

'ಎಲ್ಲಾ ಪೆನ್ನುಗಳು ಹೂಗಳು. ಕೆಲವು ಹೂಗಳು ಬಸ್ಸುಗಳು. ಆದ್ದರಿಂದ ಕೆಲವು ಪೆನ್ನುಗಳು ಬಸ್ಸುಗಳು.' ಇಂಥ ಹುಚ್ಚು ಮಾತು ಕಂಡು ಮಕ್ಕಳು ಗಾಬರಿಯಾಗುತ್ತಾರೆ. ಮಾತಿನ ಮೈ ಬದಲಿಸಿ, ಎಲುಬು ಹಾಗೇ ಇರಲಿ: 'ಎಲ್ಲಾ ಗದ್ವಾಲ ಸೀರೆಗಳೂ ಸೀರೆಗಳು. ಕೆಲವು ಸೀರೆಗಳು ನಾರಾಯಣಪೇಟೆಯವು. ಆದ್ದರಿಂದ ಕೆಲವು ಗದ್ವಾಲ ಸೀರೆಗಳು ನಾರಾಯಣಪೇಟೆಯವು.' ಮಗ್ಗದ ಮನೆಯ ಅಜ್ಜಿ ಕೇಳಿದರೂ ನಗುತ್ತಾಳೆ. ಎರಡೂ ಒಂದೇ ಕಟ್ಟಿನ ವಾದ. ಇದು ಹೊಂದುವುದಿಲ್ಲವೆಂದ ಮೇಲೆ ಪೆನ್ನು ಬಸ್ಸಿನದೂ ಹೊಂದುವುದಿಲ್ಲ.

ಇದೇ ಕಟ್ಟಿನಲ್ಲಿ ಇನ್ನೊಂದು ನೋಡಿ, ಇದು ಹೆಚ್ಚು ಅಪಾಯದ್ದು: 'ಎಲ್ಲಾ ಗದ್ವಾಲ ಸೀರೆಗಳೂ ಸೀರೆಗಳು. ಕೆಲವು ಸೀರೆಗಳಿಗೆ ಜರಿ ಅಂಚಿದೆ. ಆದ್ದರಿಂದ ಕೆಲವು ಗದ್ವಾಲ ಸೀರೆಗಳಿಗೆ ಜರಿ ಅಂಚಿದೆ.' ಕೊನೆಯ ಮಾತು ನಿಜ. ಹತ್ತಿಯ ಮೈ, ರೇಷ್ಮೆ ಜರಿಯ ಅಂಚು ಗದ್ವಾಲದ ಗುರುತೇ ಆಗಿದೆ. ಆದರೂ ಉತ್ತರ 'ಹೊಂದುವುದಿಲ್ಲ' ಎಂದೇ. ಏಕೆಂದರೆ ಆ ನಿಜ ನಿಮ್ಮ ಕಣ್ಣು ಕಂಡದ್ದು, ಮೇಲಿನ ಎರಡು ಹೇಳಿಕೆ ಕೊಟ್ಟದ್ದಲ್ಲ. ಪರೀಕ್ಷೆ ಕೇಳುತ್ತಿರುವುದು ತೀರ್ಮಾನ ನಿಜವೇ ಎಂದಲ್ಲ, ಹೇಳಿಕೆಗಳಿಂದ ಅದು ಬರಲೇಬೇಕೇ ಎಂದು. ವೃತ್ತ ಬರೆದು ನೋಡುವ ಪದ್ಧತಿ ಇದಕ್ಕಾಗಿಯೇ ಇದೆ. ಆಯ್ಲರ್ 18ನೆಯ ಶತಮಾನದಲ್ಲಿ ಬಳಸಿದ, 1880ರಲ್ಲಿ ಜಾನ್ ವೆನ್ ತಿದ್ದಿದ ಆ ವೃತ್ತಗಳಿಗೆ ನಮ್ಮ ಊರಿನ ಜ್ಞಾನ ಇಲ್ಲ. ಅದೇ ಅವುಗಳ ಗುಣ.

'ಕೆಲವು' ಎಂಬ ಶಬ್ದದ ಮೇಲೆ ಒಂದು ಕಣ್ಣಿರಲಿ. 'ಕೆಲವರು ಊಟ ಮಾಡಿದರು' ಎಂದರೆ ಉಳಿದವರು ಮಾಡಿಲ್ಲವೆಂದು ನಾವು ತಿಳಿಯುತ್ತೇವೆ. ತರ್ಕದಲ್ಲಿ ಹಾಗಿಲ್ಲ. ಅಲ್ಲಿ 'ಕೆಲವು' ಎಂದರೆ ಕನಿಷ್ಠ ಒಂದು. ಎಲ್ಲವೂ ಇದ್ದರೂ ತಪ್ಪಲ್ಲ. ಇನ್ನು 'ಎಲ್ಲರೂ ಬರಲಿಲ್ಲ' ಎಂಬ ನಮ್ಮ ಕನ್ನಡದ ವಾಕ್ಯ ಯಾರೂ ಬರಲಿಲ್ಲ ಎಂದೂ ಆಗಬಹುದು, ಕೆಲವರು ಬಂದರು ಎಂದೂ ಆಗಬಹುದು. ಅನುವಾದದ ಪ್ರಶ್ನೆಪತ್ರಿಕೆಯಲ್ಲಿ ಇಂಥ ವಾಕ್ಯ ಸಿಕ್ಕರೆ ಪಕ್ಕದ ಇಂಗ್ಲಿಷ್ ವಾಕ್ಯವನ್ನೂ ಒಮ್ಮೆ ನೋಡಿ. ರೈಲ್ವೆ ಪರೀಕ್ಷೆಗಳಲ್ಲಿ ಕನ್ನಡ ಆರಿಸಿಕೊಳ್ಳಬಹುದು. 2024ರಿಂದ ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನೂ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶವಾಗಿದೆ. ಯೋಚನೆ ಯಾವ ಭಾಷೆಯಲ್ಲಿ ನಡೆಯುತ್ತದೋ ಆ ಭಾಷೆಯನ್ನೇ ಆರಿಸಿಕೊಳ್ಳುವುದು ಮೇಲು. ಸಂಶಯ ಬಂದಾಗ ಮಾತ್ರ ಇಂಗ್ಲಿಷ್.

'ಮಾತ್ರ' ಎಂದೆನಲ್ಲ, ಆ ಒಂದು ಶಬ್ದ ಇಡೀ ವಾಕ್ಯವನ್ನು ತಿರುಗಿಸಬಲ್ಲುದು. 'ಮಳೆ ಬಂದರೆ ಬಿತ್ತುತ್ತೇವೆ' ಎಂದರೆ, ಮಳೆ ಬಂತು ಎಂದ ಕೂಡಲೇ ಬಿತ್ತನೆ ಖಚಿತ. 'ಮಳೆ ಬಂದರೆ ಮಾತ್ರ ಬಿತ್ತುತ್ತೇವೆ' ಎಂದರೆ ಹಾಗಲ್ಲ. ಬಿತ್ತನೆ ಆಗಿದೆ ಎಂದು ಕಂಡರೆ ಮಳೆ ಬಂದಿತ್ತು ಎನ್ನಬಹುದು, ಅಷ್ಟೇ. ಮಳೆ ಬಂದೂ ಬೀಜ ಸಿಗದೆ ಕುಳಿತಿರಬಹುದು. ನಮ್ಮ ನ್ಯಾಯಶಾಸ್ತ್ರದವರು ಇದನ್ನು ಹೊಗೆ ಬೆಂಕಿಯ ಮೇಲೆ ಚೆನ್ನಾಗಿ ತೋರಿಸಿದ್ದಾರೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದೆ ಎಂದ ಮಾತ್ರಕ್ಕೆ ಹೊಗೆ ಇದೆ ಎನ್ನುವಂತಿಲ್ಲ, ಏಕೆಂದರೆ ಕಾದ ಕಬ್ಬಿಣದ ಉಂಡೆಯಲ್ಲಿ ಬೆಂಕಿ ಇದ್ದೂ ಹೊಗೆ ಇಲ್ಲ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಬರುವ ಈ ಉದಾಹರಣೆಯನ್ನು ಕಮ್ಮಾರನ ಕುಲುಮೆ ಕಂಡ ಮಗುವಿಗೆ ಒಮ್ಮೆ ಹೇಳಿದರೆ ಸಾಕು.

ಸಂಖ್ಯಾಸರಣಿ, ಅಕ್ಷರಸಂಕೇತಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಕೈರೂಢಿಯ ಕೆಲಸ. 2, 6, 12, 20, 30 ಎಂದಿದ್ದರೆ ವ್ಯತ್ಯಾಸ ಬರೆಯಿರಿ: 4, 6, 8, 10. ಮುಂದಿನದು 12, ಉತ್ತರ 42. ಇಂಗ್ಲಿಷ್ ಅಕ್ಷರಗಳ ಸ್ಥಾನಕ್ಕೆ ಇ, ಜೆ, ಒ, ಟಿ, ವೈ ಎಂಬ ಐದನ್ನು 5, 10, 15, 20, 25 ಎಂದು ನೆನಪಿಟ್ಟರೆ ಉಳಿದವು ಅವುಗಳ ಅಕ್ಕಪಕ್ಕ ಸಿಗುತ್ತವೆ.

ದಿಕ್ಕಿನ ಪ್ರಶ್ನೆಯಲ್ಲಿ ಮಕ್ಕಳು ಸೇರಿಸುವುದು ತಮ್ಮ ಸ್ವಂತ ಎಡಗೈಯನ್ನು. 'ದಕ್ಷಿಣಕ್ಕೆ 6 ಕಿಲೋಮೀಟರ್ ನಡೆದು, ಎಡಕ್ಕೆ ತಿರುಗಿ 8 ಕಿಲೋಮೀಟರ್ ನಡೆದ' ಎಂದಾಗ, ಕಾಗದದ ಎಡಗಡೆಗೆ, ಅಂದರೆ ಪಶ್ಚಿಮಕ್ಕೆ ಗೆರೆ ಎಳೆಯುತ್ತಾರೆ. ದಕ್ಷಿಣಕ್ಕೆ ಮುಖ ಮಾಡಿದವನ ಎಡಗೈ ಪೂರ್ವಕ್ಕಿರುತ್ತದೆ. ಕಾಗದವನ್ನೇ ತಿರುಗಿಸಿ ನೋಡಿದರೆ ಗೊಂದಲವಿಲ್ಲ. ಹೊರಟಲ್ಲಿಂದ ಅವನು ಈಗ ಆಗ್ನೇಯ ದಿಕ್ಕಿನಲ್ಲಿ, 10 ಕಿಲೋಮೀಟರ್ ದೂರದಲ್ಲಿದ್ದಾನೆ.

ಅಭ್ಯಾಸ ಹೇಗೆ ಮಾಡಬೇಕು ಎಂದು ಕೇಳುತ್ತೀರಿ. ದಿನಕ್ಕೆ ನೂರು ಪ್ರಶ್ನೆ ಬಿಡಿಸಿ ಉತ್ತರ ಎಣಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಹದಿನೈದು ಸಾಕು. ಒಂದು ನೋಟ್‌ಬುಕ್ಕಿನ ಪುಟವನ್ನು ನಡುವೆ ಮಡಿಸಿ. ತಪ್ಪಾದ ಪ್ರಶ್ನೆಗೆ ಎಡಗಡೆ 'ಪ್ರಶ್ನೆ ಹೇಳಿದ್ದು', ಬಲಗಡೆ 'ನಾನು ಸೇರಿಸಿದ್ದು' ಎಂದು ಬರೆಯಿರಿ. ಒಂದು ತಿಂಗಳಲ್ಲಿ ಬಲಗಡೆಯ ಪಟ್ಟಿ ನಿಮ್ಮ ಮಗುವಿನ ಸ್ವಭಾವವನ್ನೇ ತೋರಿಸುತ್ತದೆ: ಒಬ್ಬ ಯಾವಾಗಲೂ ವಯಸ್ಸು ಸೇರಿಸುತ್ತಾನೆ, ಇನ್ನೊಬ್ಬಳು 'ಕೆಲವು' ಎಂಬಲ್ಲಿ ತಪ್ಪುತ್ತಾಳೆ. ಅದೇ ಪ್ರಶ್ನೆಯನ್ನು ವಾರ ಬಿಟ್ಟು ಮತ್ತೆ ಬಿಡಿಸಲಿ. ತಂದೆತಾಯಿ ಓದಿಲ್ಲದಿದ್ದರೂ ಚಿಂತೆಯಿಲ್ಲ. ಮಗು ಪ್ರಶ್ನೆಯನ್ನು ಮನೆಮಾತಿನಲ್ಲಿ ಹೇಳಲಿ, ನೀವು 'ಇದು ಅದರಲ್ಲಿ ಇದೆಯಾ?' ಎಂದು ಕೇಳಿ, ಸಾಕು.

ಮೊದಲ ತಿಂಗಳು ಗಡಿಯಾರ ಬೇಡ. ಆಮೇಲೆ ಬೇಕು, ಏಕೆಂದರೆ ಎನ್.ಎಂ.ಎಂ.ಎಸ್.ನಲ್ಲಿ 90 ಪ್ರಶ್ನೆಗೆ 90 ನಿಮಿಷ, ರೈಲ್ವೆಯ ಗ್ರೂಪ್ ಡಿ ಪರೀಕ್ಷೆಯಲ್ಲಿ 100 ಪ್ರಶ್ನೆಗೆ 90 ನಿಮಿಷ. ಗೊತ್ತಿಲ್ಲದ ಪ್ರಶ್ನೆಗೆ ಏನು ಮಾಡಬೇಕೆಂಬುದಕ್ಕೂ ಒಂದು ಲೆಕ್ಕವಿದೆ. ಎನ್.ಎಂ.ಎಂ.ಎಸ್.ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ರೈಲ್ವೆಯಲ್ಲಿ ತಪ್ಪೊಂದಕ್ಕೆ ಮೂರನೇ ಒಂದು ಅಂಕ ಹೋಗುತ್ತದೆ. ಕಣ್ಣು ಮುಚ್ಚಿ 12 ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ 3 ಸರಿ, 9 ತಪ್ಪು. ಬಂದದ್ದು 3, ಹೋದದ್ದೂ 3. ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದರೆ, ಉಳಿದ ಮೂರರಲ್ಲಿ ಒಂದನ್ನು ಆರಿಸುವುದು ಲಾಭವೇ: 12ರಲ್ಲಿ 4 ಸರಿ, 8 ತಪ್ಪು, ಕೈಯಲ್ಲಿ ಒಂದೂಕಾಲಿಗಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ.

ಇಂದು ರಾತ್ರಿ ಮನೆಯಲ್ಲಿ ಕೇಳಲು ಎರಡು ಪ್ರಶ್ನೆ ಕೊಡುತ್ತೇನೆ. ಒಂದು: ಗದ್ವಾಲದ ಬಸ್ಸು ಬಂದರೆ ಮಾತ್ರ ಕಮಲ ಪೇಟೆಗೆ ಹೋಗುತ್ತಾಳೆ, ಇಂದು ಬಸ್ಸು ಬಂತು, ಕಮಲ ಹೋದಳೇ? ಎರಡು: ಗದ್ವಾಲ ಮಕ್ತಲಿನ ಆಗ್ನೇಯಕ್ಕಿದೆ, ರಾಯಚೂರು ಗದ್ವಾಲದ ನೇರ ಪಶ್ಚಿಮಕ್ಕಿದೆ, ಮಕ್ತಲಿನಿಂದ ರಾಯಚೂರು ಯಾವ ದಿಕ್ಕು? ಎರಡಕ್ಕೂ ಉತ್ತರ 'ಹೇಳಲಾಗದು'. ಎರಡನೆಯದಕ್ಕೆ ನಿಮ್ಮ ಮಗು 'ನೈರುತ್ಯ' ಎಂದೀತು. ನಕ್ಷೆಯಲ್ಲಿ ನೋಡಿದರೆ ಅದು ಹೌದು, ದಿನವೂ ಹೋಗಿಬರುವ ದಾರಿಯೇ ಅದು. ಆದರೆ ಗದ್ವಾಲದಿಂದ ಪಶ್ಚಿಮಕ್ಕೆ ಎಷ್ಟು ದೂರ ಎಂದು ಪ್ರಶ್ನೆ ಹೇಳಿಲ್ಲ. ಸ್ವಲ್ಪವೇ ಹೋದರೆ ಇನ್ನೂ ಆಗ್ನೇಯ, ಇನ್ನಷ್ಟು ಹೋದರೆ ದಕ್ಷಿಣ, ಅದನ್ನೂ ದಾಟಿದರೆ ನೈರುತ್ಯ. ಮೂರು ಚಿತ್ರವನ್ನೂ ಮಗುವಿನ ಕೈಯಲ್ಲೇ ಬರೆಸಿ.